ಬೆಂಗಳೂರಿನ ಬಚ್ಚಲು, ಕೋಲಾರದ ಬಾವಿ

2018ರ ಜೂನ್‌ ತಿಂಗಳಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮಳೆ ಸುರಿದು ಬಂದದ್ದಲ್ಲ. ಸುಮಾರು ಐವತ್ತು ಕಿಲೋಮೀಟರ್ ದೂರದಿಂದ ಕೊಳವೆಯಲ್ಲಿ ಹತ್ತಿ ಬಂದ, ಬೆಂಗಳೂರಿನವರು ಬಳಸಿ ಬಿಟ್ಟ ನೀರು ಅದು. ಅಡುಗೆಮನೆ, ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಹಾದು, ಬೆಳ್ಳಂದೂರು ಕೆರೆಯ ಹತ್ತಿರದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕದಲ್ಲಿ ಕೊಳೆ ಕಳೆದುಕೊಂಡು ಬಂದಿತ್ತು. ಬರಗಾಲದಲ್ಲಿ ಬೆಂದ ಸೀಮೆಗೆ ಕೆರೆಯಂಗಳದಲ್ಲಿ ನೀರು ಹರಡುವುದೇ ಹಬ್ಬ. ಆದರೆ ಮುಂದಿನ ತಿಂಗಳೇ ನೀರಿನ ಮೇಲೆ ಬಿಳಿ ನೊರೆ ಎದ್ದಿತು. ಪಂಪುಗಳು ನಿಂತವು. ವಿಷಯ ಹೈಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆ ಬಂತು. ಮುಂದೆ ಅದು ತೆರವಾಯಿತು. 2019ರ ಆರಂಭದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದು, ಕೆಲವು ತಿಂಗಳಲ್ಲಿ ಅದೂ ತೆರವಾಯಿತು. ನೀರು ಮತ್ತೆ ಹರಿಯತೊಡಗಿತು, ಇಂದಿಗೂ ಹರಿಯುತ್ತಿದೆ.

ಆ ಎರಡು ತಿಂಗಳಿನ ಹಿಗ್ಗು, ಆತಂಕ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಈ ಯೋಜನೆಯನ್ನು ನೋಡಬೇಕು ಎಂದು ನನಗೆ ಅನ್ನಿಸುತ್ತದೆ. ಹಿಗ್ಗನ್ನಷ್ಟೇ ಕಂಡವರು ನೊರೆಯನ್ನು ಮರೆಯುತ್ತಾರೆ. ನೊರೆಯನ್ನಷ್ಟೇ ಕಂಡವರು ಸಾವಿರ ಅಡಿ ಕೊರೆಸಿಯೂ ದೂಳನ್ನೇ ಕಂಡ ರೈತನನ್ನು ಮರೆಯುತ್ತಾರೆ. ಕೊಳಚೆ ಶುದ್ಧೀಕರಣ ಘಟಕ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಅದರ ಹೊರಬಾಯಲ್ಲಿ ಒಂದು ಸೀಸೆ ನೀರು ಹಿಡಿದು ಪರೀಕ್ಷಿಸುವುದು ವಾಡಿಕೆ. ಆ ನೀರು ಕೊನೆಗೆ ತಲುಪುವ ಬಾವಿಯಲ್ಲೂ, ಕೆರೆಯ ಕೋಡಿಯಲ್ಲೂ, ದನ ಬಾಯಿ ಹಾಕುವ ತೊಟ್ಟಿಯಲ್ಲೂ ಅದೇ ಪರೀಕ್ಷೆ ನಡೆಯಬೇಕು. ಈ ಲೇಖನದ ಒತ್ತಾಯ ಅದೇ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಊರಿನ ನಡುವೆ ಹಾದುಹೋಗುವ ಏರುಭೂಮಿಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಗೆ ಇಳಿದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆಯಲ್ಲೋ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲೋ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ದೊಡ್ಡ ನದಿಯ ದಡದಲ್ಲಿಲ್ಲದ ಈ ಊರು ಕೆರೆಗಳಿಂದ ಬದುಕಿತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ, ನಡುವೆ ರಾಜಕಾಲುವೆ. ಆ ಸರಪಳಿಯ ದೊಡ್ಡ ಕೊಂಡಿಗಳೇ ಬೆಳ್ಳಂದೂರು ಮತ್ತು ವರ್ತೂರು. ಬೆಳ್ಳಂದೂರಿನ ವಿಸ್ತಾರ ಸುಮಾರು 900 ಎಕರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ದುರಸ್ತಿಗಾಗಿ ಎಚ್‌ಎಎಲ್‌ಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಆ ನೀರಿನ ಮೇಲೇ ಇಳಿಯುತ್ತಿದ್ದವು.

1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂದ ಮೇಲೆ ಈ ಲೆಕ್ಕವೆಲ್ಲ ಬದಲಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಎತ್ತಿ ತಂದ ನೀರನ್ನು ಊರು ಕುಡಿಯಿತು, ತೊಳೆಯಿತು, ಚೆಲ್ಲಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದಿಂದ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ನೀರು ತರುವ ಕಾಮಗಾರಿಗೆ ಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ಆ ನೀರಿನೊಂದಿಗೇ ಹುಟ್ಟುವ ಕೊಳಚೆಗೂ ಅಷ್ಟೇ ಆಸ್ಥೆಯಿಂದ ದಾರಿ ಮಾಡಿದ್ದರೆ ನೊರೆ ಎದ್ದು ಬೆಂಕಿ ಹತ್ತಿದ ಬೆಳ್ಳಂದೂರಿನ ಕಥೆ ಬೇರೆಯಾಗುತ್ತಿತ್ತು. ಬೆಂಗಳೂರಿನ ಪೂರ್ವ ಭಾಗದ ಮನೆಗಳಲ್ಲಿ ಬಳಕೆಯಾದ ಕಾವೇರಿ ನೀರು ಮರಳಿ ಕಾವೇರಿ ಸೇರುವುದಿಲ್ಲ. ದಿಣ್ಣೆ ದಾಟಿ ಪಿನಾಕಿನಿಯ ಸೀಮೆಗೆ, ಈಗ ಪಂಪಿನ ಬಲದಿಂದ ಪಾಲಾರ್ ಸೀಮೆಯ ಕೆರೆಗಳಿಗೂ ಹೋಗುತ್ತದೆ.

ಹೆಪ್ಪು ಹಾಕಿದ ಕೆಸರು

ಘಟಕದೊಳಗೆ ನಡೆಯುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಹುಮಂದಿ ಅದನ್ನು ದೊಡ್ಡ ಸೋಸುಜರಡಿ ಎಂದುಕೊಂಡಿದ್ದಾರೆ. ಜರಡಿಯ ಕೆಲಸ ಮೊದಲ ಬಾಗಿಲಿಗೇ ಮುಗಿಯುತ್ತದೆ. ಕಂಬಿಗಳ ಸಾಲು ಬಟ್ಟೆಚೂರು, ಪ್ಲಾಸ್ಟಿಕ್ ಚೀಲ, ಚಪ್ಪಲಿ, ಕೂದಲಿನ ಉಂಡೆಗಳನ್ನು ತಡೆಯುತ್ತದೆ. ಮುಂದಿನ ತೊಟ್ಟಿಯಲ್ಲಿ ಮರಳು ತಳ ಸೇರುತ್ತದೆ. ಅದರ ಮುಂದಿನ ದೊಡ್ಡ ದುಂಡು ತೊಟ್ಟಿಯಲ್ಲಿ ಗಸಿ ಇಳಿಯುತ್ತದೆ. ಇಷ್ಟಾದರೂ ನೀರು ಕಪ್ಪಗೇ ಇರುತ್ತದೆ. ಕರಗಿದ ಕೊಳೆ ಜರಡಿಗೂ ಸಿಗದು, ತಳಕ್ಕೂ ಇಳಿಯದು.

ಆ ಕರಗಿದ ಕೊಳೆಯನ್ನು ತಿನ್ನುವುದು ಜೀವಿಗಳು. ಗಾಳಿ ಊದುವ ತೊಟ್ಟಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಆಮ್ಲಜನಕ ಉಸಿರಾಡುತ್ತ ಕೊಳೆಯನ್ನು ಉಣ್ಣುತ್ತವೆ, ಬೆಳೆಯುತ್ತವೆ, ಒಂದಕ್ಕೊಂದು ಅಂಟಿ ಕಂದು ಬಣ್ಣದ ಚಕ್ಕೆಗಳಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ಆ ಚಕ್ಕೆಗಳು ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತದೆ. ತಳ ಸೇರಿದ ಕೆಸರಿನ ದೊಡ್ಡ ಪಾಲನ್ನು ಮತ್ತೆ ಗಾಳಿತೊಟ್ಟಿಗೇ ಹಿಂದಿರುಗಿಸುವುದು ಈ ವಿಧಾನದ ಗುಟ್ಟು. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹಸಿದ ಜೀವಾಣುಗಳನ್ನು ಹೊಸ ಕೊಳಚೆಗೆ ಬೆರೆಸುತ್ತಾರೆ.

ಈ ಗುಟ್ಟು ತಿಳಿದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿನ ಡೇವಿಹ್ಯೂಮ್ ಕೊಳಚೆ ಘಟಕದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಗಾಳಿ ಊದಿದ ಮೇಲೆ ಉಳಿದ ಕೆಸರನ್ನು ಚೆಲ್ಲದೆ ಇಟ್ಟುಕೊಂಡು ಅದರ ಮೇಲೆ ಹೊಸ ಕೊಳಚೆ ಸುರಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯಿತು. 1914ರ ಏಪ್ರಿಲ್‌ನಲ್ಲಿ ಅವರು ಅದನ್ನು ಲೋಕಕ್ಕೆ ಹೇಳಿದರು. ಅವರನ್ನು ಆ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. ಎರಡು ವರ್ಷಗಳ ಬಳಿಕ, 1916ರಲ್ಲಿ, ಅದೇ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಪ್ರಾಧ್ಯಾಪಕರಾಗಿ ಬಂದರು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಆವರಣದಲ್ಲಿ ಕೊಳಚೆಯ ಜೀವರಸಾಯನ ಗಂಭೀರವಾದ ಅಧ್ಯಯನದ ವಿಷಯವಾಯಿತು. 1942ರಲ್ಲಿ ಅಲ್ಲಿನ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ನೀರು ತಿಳಿಯಾಗುವುದರಲ್ಲಿ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳ ಪಾತ್ರ ದೊಡ್ಡದು ಎಂದು ನೇಚರ್ ಪತ್ರಿಕೆಯಲ್ಲಿ ಬರೆದರು. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಮೊದಲ ನಿರ್ದೇಶಕರಾದದ್ದು.

ಕೊಳಚೆಯನ್ನು ಹೇಗೆ ತೊಳೆಯಬೇಕು ಎಂಬ ವಿದ್ಯೆ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನೂರು ವರ್ಷದ ಹಿಂದೆಯೇ, ಆ ವಿದ್ಯೆಯ ಬೇರಿನ ಹತ್ತಿರವೇ ಇದ್ದವರ ಕೈಯಿಂದಲೇ ಬಂದದ್ದು. ಅಂಥ ಊರಿನ ಕೆರೆಗೆ ಬೆಂಕಿ ಹತ್ತಿತಲ್ಲ ಎಂಬುದು ನನ್ನನ್ನು ತುಂಬ ಕಾಡುವ ಸಂಗತಿ.

ಘಟಕ ನಡೆಸುವವರ ಬಗ್ಗೆಯೂ ಒಂದು ಮಾತು. ಜೀವಾಣುಗಳಿಗೆ ರಜೆಯಿಲ್ಲ. ಗಾಳಿ ಊದುವ ಬ್ಲೋಯರು ಹೆಚ್ಚು ಹೊತ್ತು ನಿಂತರೆ ತೊಟ್ಟಿಯ ಜೀವ ಉಸಿರುಗಟ್ಟುತ್ತದೆ. ಯಾವುದೋ ಕಾರ್ಖಾನೆ ರಾತ್ರೋರಾತ್ರಿ ಆಮ್ಲವನ್ನೋ ಲೋಹದ ನೀರನ್ನೋ ಚರಂಡಿಗೆ ಬಿಟ್ಟರೆ ವಾರಗಟ್ಟಲೆ ಬೆಳೆಸಿದ ಕೆಸರು ಹಾಳಾಗುತ್ತದೆ. ಅದನ್ನು ಮತ್ತೆ ಕುದುರಿಸುವುದು ನಾಜೂಕಿನ ಕೆಲಸ. ನೊರೆ ಬಂದಾಗ ಮಾತ್ರ ಈ ಕೆಲಸಗಾರರು ಸುದ್ದಿಯಾಗುತ್ತಾರೆ. ನೀರು ತಿಳಿಯಾಗಿ ಹೋದ ದಿನಗಳಲ್ಲಿ ಅವರನ್ನು ಕೇಳುವವರಿಲ್ಲ.

ನೊರೆ ಎಲ್ಲಿಂದ ಬಂತು?

ಬೆಂಗಳೂರಿನಲ್ಲಿ ಇಂದು 30ಕ್ಕೂ ಹೆಚ್ಚು ಸರ್ಕಾರಿ ಶುದ್ಧೀಕರಣ ಘಟಕಗಳಿವೆ. ಹಾಗಿದ್ದೂ ಬೆಳ್ಳಂದೂರು ಏಕೆ ನೊರೆ, ಬೆಂಕಿಯ ಕೆರೆಯಾಯಿತು? ಕೊಳಚೆಯ ದೊಡ್ಡ ಪಾಲು ದಶಕಗಳ ಕಾಲ ಘಟಕದ ಬಾಗಿಲಿಗೇ ಬರಲಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಳಚರಂಡಿ ಇರಲಿಲ್ಲ. ಬಡಾವಣೆಗಳು ಎದ್ದವು, ಅವುಗಳ ಕೊಳಚೆಗೆ ಸಿಕ್ಕ ಸುಲಭದ ದಾರಿ ಮಳೆನೀರಿನ ರಾಜಕಾಲುವೆ. ಕಾಗದದ ಮೇಲೆ ಮಳೆನೀರು ಬೇರೆ, ಕೊಳಚೆ ಬೇರೆ. ನೆಲದ ಮೇಲೆ ಎರಡೂ ಒಂದೇ ಕಾಲುವೆಯಲ್ಲಿ ಕೆರೆಗೆ ಬಂದವು.

ನೊರೆಯ ಹಿಂದಿನ ರಸಾಯನವನ್ನು ಐಐಎಸ್‌ಸಿ ಸಂಶೋಧಕರು ವರ್ಷಗಟ್ಟಲೆ ಬೆನ್ನಟ್ಟಿ ಬಿಡಿಸಿದ್ದಾರೆ. ಬಟ್ಟೆ, ಪಾತ್ರೆ ತೊಳೆಯುವ ಪುಡಿಗಳಲ್ಲಿ ನೊರೆ ಎಬ್ಬಿಸುವ ಪದಾರ್ಥಗಳಿವೆ. ಆಮ್ಲಜನಕ ಇದ್ದಲ್ಲಿ ಬ್ಯಾಕ್ಟೀರಿಯಾ ಅವನ್ನು ಒಡೆದು ಹಾಕುತ್ತವೆ. ಕೊಳಚೆಯಿಂದ ಉಸಿರು ಕಟ್ಟಿದ ಕೆರೆಯಲ್ಲಿ ಅದು ನಡೆಯುವುದಿಲ್ಲ. ಆ ಪದಾರ್ಥಗಳು ಕೆಸರಿಗೆ ಅಂಟಿ ತಳ ಸೇರುತ್ತವೆ, ದಿನದಿನಕ್ಕೂ ಸಾಂದ್ರವಾಗುತ್ತವೆ. ಜೋರು ಮಳೆ ಬಂದು ತಳ ಕದಡಿದಾಗ ಮತ್ತೆ ನೀರಿಗೆ ಬರುತ್ತವೆ. ಕೆರೆಯ ಕೋಡಿಯಲ್ಲಿ ಆ ನೀರು ಎತ್ತರದಿಂದ ಧುಮುಕುವಾಗ ಗಾಳಿ ಬೆರೆತು ನೊರೆಯ ಗುಡ್ಡ ಏಳುತ್ತದೆ, ರಸ್ತೆಗೆ ಹಾರುತ್ತದೆ. ತಳದ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ಮೇಲೆ ಒಣಗಿದ ಕಳೆ, ದಡದಲ್ಲಿ ಸುರಿದ ಕಸ. 2015ರಲ್ಲಿ ನೊರೆಗೇ ಬೆಂಕಿ ಕಾಣಿಸಿತು. 2017ರ ಫೆಬ್ರುವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಹತ್ತಿದ ಬೆಂಕಿಯನ್ನು ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ನೇಮಿಸಿತು. ಆಮೇಲೆ ಎರಡೂ ಕೆರೆಗಳ ನೀರು ತೆಗೆದು ಹೂಳೆತ್ತುವ ಕೆಲಸ ಶುರುವಾಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಶುದ್ಧೀಕರಣ ಘಟಕ ಸರಿಯಾಗಿ ನಡೆದಾಗಲೂ ನೀರಿನಿಂದ ಎಲ್ಲ ಕೊಳೆಯೂ ಹೋಗುವುದಿಲ್ಲ. ಜೀವಾಣುಗಳಿಂದ ನಡೆಯುವ ಎರಡನೇ ಹಂತದ ಶುದ್ಧೀಕರಣ ಸಾವಯವ ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ. ಸಾರಜನಕ ಮತ್ತು ರಂಜಕವನ್ನು ತೆಗೆಯಲೆಂದೇ ಕಟ್ಟದಿದ್ದರೆ ಅವುಗಳ ಬಹುಪಾಲು ಹಾಗೆಯೇ ಹೊರಬರುತ್ತದೆ. ಹೊಲಕ್ಕೆ ಹಾಕಿದರೆ ಅದು ಗೊಬ್ಬರ. ಕೆರೆಗೆ ಬಿಟ್ಟರೆ ಪಾಚಿಗೂ ಅಂತರಗಂಗೆಗೂ ಮೇವು. ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಹೀರುತ್ತದೆ, ಮೀನು ಸಾಯುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಈ ಎರಡಕ್ಕೂ ಮಿತಿಯೇ ಇರಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಮಧ್ಯೆ ಬಂದು ಇವೆರಡಕ್ಕೂ ಮಿತಿ ಹಾಕಿತು. ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಕೋಲಾರದ ಯೋಜನೆಯ ಪೂರ್ಣ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್. ಲೀಟರಿಗೆ ಒಂದೇ ಮಿಲಿಗ್ರಾಂ ರಂಜಕ ಉಳಿದರೂ ದಿನಕ್ಕೆ 440 ಕಿಲೋ ಕೆರೆಗಳ ಪಾಲಾಗುತ್ತದೆ. ವರ್ಷಗಟ್ಟಲೆ, ಹೊರಗೆ ಹರಿದುಹೋಗದೆ ಇಂಗಲೆಂದೇ ನೀರು ನಿಲ್ಲಿಸುವ ಕೆರೆಗಳಲ್ಲಿ.

ಕೋಲಾರದ ಬಾಯಾರಿಕೆ

ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ರೇಷ್ಮೆ, ಹಾಲು, ಚಿನ್ನದ ನಾಡು ಎಂದು ಹೆಸರಾದ ಸೀಮೆ ಕೆರೆಕಟ್ಟೆಗಳ ಮೇಲೆ ನಿಂತಿತ್ತು. ತೂಬು ಎತ್ತುವ, ನೀರು ಹಂಚುವ ನೀರುಗಂಟಿ ಊರಿನ ಮುಖ್ಯ ಮನುಷ್ಯನಾಗಿದ್ದ. ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆ ನೋಡುವವರು ಕಡಿಮೆಯಾದರು. ಕೊಳವೆಬಾವಿಗಳು ಆಳಕ್ಕಿಳಿದು ಸಾವಿರ ಅಡಿ ದಾಟಿದವು. ಆಳದ ನೀರಿನೊಂದಿಗೆ ಫ್ಲೋರೈಡ್ ಬಂತು. ಸಾಲ ಮಾಡಿ ಕೊರೆಸಿದ ಬಾವಿ ಕೈಕೊಟ್ಟು ಟೊಮೆಟೊ ಮಡಿ ಕಣ್ಣೆದುರೇ ಬಾಡುವುದನ್ನು ನೋಡಿದ ಮನೆ ಆ ಜಿಲ್ಲೆಯಲ್ಲಿ ಊರಿಗೆ ಒಂದೆರಡಲ್ಲ. ಶಾಶ್ವತ ನೀರಾವರಿಗಾಗಿ ನಡೆದ ಹೋರಾಟಗಳಿಗೆ ಲೆಕ್ಕವಿಲ್ಲ. ಈ ಸೀಮೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲ ಹಂತ ಚಾಲನೆಗೊಳ್ಳುವ ಹೊತ್ತಿಗೆ 2024 ಬಂದಿತ್ತು.

ಇಂಥ ಕಾಯುವಿಕೆಯ ನಡುವೆ, 2016ರಲ್ಲಿ ಶಂಕುಸ್ಥಾಪನೆಯಾಗಿ ಎರಡೇ ವರ್ಷದಲ್ಲಿ ನೀರು ತಂದ ಯೋಜನೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ. ಸಣ್ಣ ನೀರಾವರಿ ಇಲಾಖೆಯ ಈ ಯೋಜನೆ ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ಭಾಗದ 126 ಕೆರೆಗಳನ್ನು ತುಂಬಿಸಲು ಹೊರಟಿತು. ದಿನಕ್ಕೆ 44 ಕೋಟಿ ಲೀಟರ್ ಎಂದರೆ ವರ್ಷಕ್ಕೆ ಐದೂವರೆ ಟಿಎಂಸಿಗೂ ಮಿಗಿಲು. ನೀರು ಒಂದು ಕೆರೆ ತುಂಬಿ ಕೋಡಿ ಹರಿದು ಹಳ್ಳಕೊಳ್ಳಗಳಲ್ಲೇ ಮುಂದಿನ ಕೆರೆಗೆ ಇಳಿಯುತ್ತದೆ. ಹಿರಿಯರು ಕಟ್ಟಿದ ಸರಪಳಿಯೇ ಇಲ್ಲಿ ಕಾಲುವೆ. ಕೆರೆಯಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ನೀರು ಇಂಗಬೇಕು, ಇಂಗಿದ್ದನ್ನು ಬಾವಿಯಿಂದ ತೆಗೆಯಬೇಕು ಎಂಬುದು ನಿಯಮ. ಇಂಗಿತು ಕೂಡ. ಕೆರೆಗಳ ಸುತ್ತ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಮರಳಿತು. ಅಂತರ್ಜಲ ಮೇಲೇರಿದ್ದನ್ನು ಐಐಎಸ್‌ಸಿ ತಂಡದ ಅಧ್ಯಯನವೂ ದಾಖಲಿಸಿದೆ. ಇದು ಕಡಿಮೆ ಸಾಧನೆಯಲ್ಲ. ಒಂದು ನಗರ ಚೆಲ್ಲಿದ ನೀರಿನಿಂದ ಒಂದು ಜಿಲ್ಲೆಯ ಬಾವಿಗಳು ಜೀವ ಹಿಡಿದ ಉದಾಹರಣೆ ದೇಶದಲ್ಲಿ ಈ ಪ್ರಮಾಣದಲ್ಲಿ ವಿರಳ. ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎಚ್.ಎನ್. ವ್ಯಾಲಿ ಯೋಜನೆಯೂ ಇದೇ ಮಾದರಿ ಹಿಡಿಯಿತು.

ಹಾಗಾದರೆ ಉಳಿದ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಆ ಜಿಲ್ಲೆಗಳ ಹೋರಾಟಗಾರರು ಪಟ್ಟು ಹಿಡಿದಿರುವುದೇಕೆ? ಸರ್ಕಾರದ ವಾದ ಇದು: ನೀರು ಕುಡಿಯುವುದಕ್ಕಲ್ಲ, ನೆಲವೇ ದೊಡ್ಡ ಸೋಸುಕ, ಎರಡನೇ ಹಂತ ಸಾಕು. ಈ ವಾದದಲ್ಲಿ ಅರ್ಧ ಸತ್ಯವಿದೆ. ಮಣ್ಣು ರೋಗಾಣುಗಳನ್ನು ತಡೆಯುತ್ತದೆ, ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟ್‌ ಮಾತ್ರ ಮಣ್ಣಿಗೆ ಅಂಟದೆ ನೀರಿನ ಜೊತೆಗೇ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಅಪಾಯ. ಜೊತೆಗೆ ಕೋಲಾರದ ತಳ ಕಗ್ಗಲ್ಲು. ಮೇಲಿನ ಮಣ್ಣಿನ ಪದರ ದಾಟಿದ ಮೇಲೆ ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ, ಅಲ್ಲಿ ಸೋಸುವಿಕೆ ತೀರ ಕಡಿಮೆ. ನೀರು ಕುಡಿಯುವುದಕ್ಕಲ್ಲ ಎಂದು ಕೆರೆಯ ದಡದಲ್ಲಿ ಫಲಕ ಹಾಕಬಹುದು. ಆ ಕೆರೆಯಿಂದ ಇಂಗಿದ್ದು ಪಂಚಾಯಿತಿಯ ಕೊಳವೆಬಾವಿಗೆ ಬಂದಾಗ ಅದನ್ನು ಯಾವ ಫಲಕ ತಡೆಯುತ್ತದೆ? ಹಸು, ಎಮ್ಮೆ ಫಲಕ ಓದುವುದಿಲ್ಲ.

ನನ್ನ ಮಟ್ಟಿಗೆ ಈ ಚರ್ಚೆ ನೀರು ಬೇಕೋ ಬೇಡವೋ ಎಂಬಲ್ಲಿಗೆ ಹೋಗಿ ನಿಲ್ಲಬಾರದು. ನೀರು ಬೇಕು. ನಿಲ್ಲಿಸಿದರೆ ಮೊದಲು ನೋಯುವವನು ರೈತ. ಅವನಿಗೆ ಇನ್ನೂ ಒಳ್ಳೆಯ ನೀರು ಕೊಡುವುದು ನಗರದ ಋಣ. ಮಾದರಿಗೆ ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರಿನ ಉತ್ತರದ ಜಕ್ಕೂರಿನಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನ ಘಟಕವಿದೆ. ಅದರ ನೀರು ಕೆರೆ ಸೇರುವ ಮುನ್ನ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾಯುತ್ತದೆ. ಬೇರುಗಳೂ ಬೇರಿಗೆ ಅಂಟಿದ ಜೀವಾಣುಗಳೂ ಉಳಿದ ಪೋಷಕಾಂಶವನ್ನು ಹೀರುತ್ತವೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನು ಅಭ್ಯಾಸ ಮಾಡಿ ಬೇರೆ ಕೆರೆಗಳಿಗೂ ಶಿಫಾರಸು ಮಾಡುತ್ತ ಬಂದಿದೆ. ಕೋಲಾರದಲ್ಲಿ ನೀರು ಮೊದಲು ಇಳಿಯುವ ಕೆರೆಗಳ ಮೇಲ್ತುದಿಯಲ್ಲಿ ಇಂಥ ಜೌಗಿಗೆ ಜಾಗ ಬಿಡಬಹುದು. ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕಬೇಕು. ಕೊಯ್ಯದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ಮರಳಿ ನೀರಿಗೇ ಬಿಡುತ್ತದೆ.

ಗಡಿಯಾಚೆಯ ಕೆಲವರಪಳ್ಳಿ

ಕೆಳಗಿನವರು ಎಂದಾಗ ನಾವು ಕೋಲಾರದ ಹೆಸರು ಹೇಳಿ ನಿಲ್ಲಿಸಿಬಿಡುತ್ತೇವೆ. ವರ್ತೂರಿನಿಂದ ಇಳಿದ ನೀರು ದಕ್ಷಿಣ ಪಿನಾಕಿನಿಯಲ್ಲಿ ತಮಿಳುನಾಡಿನ ಗಡಿ ದಾಟುತ್ತದೆ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆ ಸಿಗುತ್ತದೆ, ಮುಂದೆ ಕೃಷ್ಣಗಿರಿ, ಸಾತನೂರು, ಕೊನೆಗೆ ಕಡಲೂರಿನ ಬಳಿ ಸಮುದ್ರ. ಮಳೆಗಾಲದಲ್ಲಿ ಕೆಲವರಪಳ್ಳಿಯ ತೂಬು ತೆರೆದಾಗ ಏಳುವ ನೊರೆ ಅಲ್ಲಿನ ಪತ್ರಿಕೆಗಳಲ್ಲಿ ಪದೇ ಪದೇ ಸುದ್ದಿ. ಕನ್ನಡ ಮಾತಾಡುವ ಮನೆಗಳೂ ಇರುವ ಆ ಸೀಮೆಯ ರೈತರು ಹೂ, ತರಕಾರಿ ಬೆಳೆಯುವುದು ಆ ನೀರಿನಲ್ಲೇ.

ಒಂದು ತರ್ಕವನ್ನು ಗಮನಿಸಿ. ಘಟಕದಿಂದ ಹೊರಬಂದ, ಸ್ವಲ್ಪವಾದರೂ ತಿಳಿಯಾದ ನೀರನ್ನು ಪಂಪು ಮಾಡಿ ಕೋಲಾರಕ್ಕೆ ಕಳಿಸುತ್ತೇವೆ. ಘಟಕವನ್ನು ತಪ್ಪಿಸಿ ರಾಜಕಾಲುವೆಗೆ ಸೋರಿದ ಕೊಳಚೆ ಹೊಳೆಯಲ್ಲೇ ಇಳಿಯುತ್ತದೆ. ಹಿಂದೆ ಅದರ ಜೊತೆ ಬೆರೆತು ತೆಳುವಾಗಿಸುತ್ತಿದ್ದ ತಿಳಿನೀರು ಈಗ ಕಡಿಮೆ. ಹಾಗಾಗಿ ಕೋಲಾರದ ಯೋಜನೆ ನ್ಯಾಯವಾಗಿ ನಿಲ್ಲಬೇಕಾದರೆ ಬೆಂಗಳೂರು ತನ್ನ ಸೋರುವ ಕಾಲುವೆಗಳನ್ನು ಇನ್ನೂ ಬೇಗ ಮುಚ್ಚಬೇಕು. ಎರಡು ರಾಜ್ಯಗಳ ನಡುವೆ ಈ ಹೊಳೆಯ ನೀರಿನ ಪಾಲಿಗಾಗಿ ಜಗಳ ಸುಪ್ರೀಂ ಕೋರ್ಟಿಗೂ ಹೋಗಿದೆ. ಎಷ್ಟು ನೀರು ಎಂಬುದಕ್ಕೆ ವಕೀಲರಿದ್ದಾರೆ. ಎಂಥ ನೀರು ಎಂದು ಕೇಳುವವರು ಕಡಿಮೆ.

ಆಗಬೇಕಾದ ಕೆಲಸಗಳು ಗೊತ್ತಿಲ್ಲದವಲ್ಲ. ಹಳೆಯ 110 ಹಳ್ಳಿಗಳ ಪ್ರತಿ ಮನೆಯ ಪೈಪು ಒಳಚರಂಡಿಗೆ ಸೇರಬೇಕು. ಕೋರಮಂಗಲ–ಚಲ್ಲಘಟ್ಟದ ಘಟಕಗಳಲ್ಲಿ ರಂಜಕ, ಸಾರಜನಕ ತೆಗೆಯುವ ಹಂತ ಕಡ್ಡಾಯವಾಗಬೇಕು, ಅದರ ಖರ್ಚನ್ನು ನೀರು ಬಳಸಿ ಚೆಲ್ಲುವ ನಗರವೇ ಹೊರಬೇಕು. ಲಕ್ಷ್ಮೀಸಾಗರ, ನರಸಾಪುರ ಕೆರೆಗಳಿಂದ ಹಿಡಿದು ಸರಪಳಿಯ ಕೊನೆಯ ಕೆರೆಯವರೆಗೆ, ಪ್ರತಿ ಕೆರೆಯ ನೀರಿನದೂ ಅದರ ಕೆಳಗಿನ ಒಂದು ಕುಡಿಯುವ ನೀರಿನ ಕೊಳವೆಬಾವಿಯದೂ ಪರೀಕ್ಷೆ ತಿಂಗಳಿಗೊಮ್ಮೆ ನಡೆಯಬೇಕು. ನೈಟ್ರೇಟ್, ರಂಜಕ, ಕೋಲಿಫಾರ್ಮ್, ನೊರೆಯ ಪದಾರ್ಥ, ಭಾರಲೋಹ ಇವಿಷ್ಟು ಅದರಲ್ಲಿ ಇರಬೇಕು. ಫಲಿತಾಂಶ ಇಲಾಖೆಯ ಕಡತದಲ್ಲಿ ಉಳಿಯದೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ, ಮಿತಿ ಎಷ್ಟು, ಈ ತಿಂಗಳು ಎಷ್ಟು ಎಂದು ಪಕ್ಕಪಕ್ಕದಲ್ಲಿ ಬರೆದಿರಬೇಕು. ಮಿತಿ ಮೀರಿದ ತಿಂಗಳು ಪಂಪು ನಿಲ್ಲಿಸಿ ಎಂದು ಹೇಳುವ ಅಧಿಕಾರ ಆ ಪಂಚಾಯಿತಿಗೆ ಇರಬೇಕು, ನ್ಯಾಯಾಲಯದ ಬಾಗಿಲು ತಟ್ಟುವವರೆಗೆ ಕಾಯುವಂತಾಗಬಾರದು.